ಕಾಯೋಕೂ ದುಡ್ಡು ಬೇಕು: ಡ್ಯೂನ್, ಬಾಂಡ್, ಕೆಜಿಎಫ್ 2 ಮತ್ತು ಬಾಗಿಲು ಹಾಕಿದ ಆ ದಿನಗಳು

ಮರಳುಹುಳ:
ಹಳೇ ಫೋನು ತಮ್ಮನಿಗೆ ಕೊಡೋಣ ಅಂತ ಖಾಲಿ ಮಾಡುತ್ತಾ ಕೂತಿದ್ದೆ. ಕ್ಯಾಲೆಂಡರಿನಲ್ಲಿ 2020ರ ಡಿಸೆಂಬರ್ 18ರ ಮೇಲೆ ಒಂದು ಗುರುತು ಸಿಕ್ಕಿತು. "ಡ್ಯೂನ್. ರಜೆ ಹಾಕು." ಅಷ್ಟೇ. ಆ ವರ್ಷ ರಜೆ ಹಾಕುವ ಅಗತ್ಯವೇ ಬೀಳಲಿಲ್ಲ ಬಿಡಿ, ಮಾರ್ಚಿನಿಂದ ಮನೆಯಲ್ಲೇ ಇದ್ದೆ.

ಮರೆತವರಿಗೆ ಹೇಳುತ್ತೇನೆ, ಡ್ಯೂನ್ ಅಂದರೆ ಹಾಲಿವುಡ್ಡಿನ ಸೈ-ಫೈ (ವೈಜ್ಞಾನಿಕ ಕಲ್ಪನೆಯ) ಸಿನಿಮಾ. ಶೂಟಿಂಗ್ 2019ರಲ್ಲೇ ಬಹುಪಾಲು ಮುಗಿದಿತ್ತು, ಬುಡಾಪೆಸ್ಟ್, ಜೋರ್ಡನ್ ಮರಳುಗಾಡು ಎಲ್ಲ. 2020ರ ಸೆಪ್ಟೆಂಬರ್ 9ಕ್ಕೆ ಟ್ರೇಲರ್ ಬಂತು. ಅದನ್ನು ಎಷ್ಟು ಸಲ ನೋಡಿದೆ ಅಂತ ಹೇಳಿದರೆ ನಗುತ್ತೀರಿ. ಒಂದು ತಿಂಗಳು ತುಂಬಿರಲಿಲ್ಲ, ಅಕ್ಟೋಬರ್ 5ಕ್ಕೆ "ಮುಂದಿನ ವರ್ಷ" ಅಂದರು. 2021ರ ಅಕ್ಟೋಬರ್ 1 ಅಂತಾಯಿತು. ಅದೂ ಜಾರಿ 22 ಆಯಿತು.

ನನ್ನ ಪ್ರಶ್ನೆ ಇಷ್ಟೇ. ರೆಡಿ ಇರುವ ಸಿನಿಮಾನ ಒಂದು ವರ್ಷ ಡಬ್ಬಿಯಲ್ಲಿ ಇಟ್ಟಿದ್ದು ಸರಿಯಾ? ಮನೆಯಲ್ಲಿ ಕೂತು ಗೋಡೆ ನೋಡುತ್ತಿದ್ದ ಜನಕ್ಕೆ ಆಗಲೇ ಒಟಿಟಿಯಲ್ಲಿ ಬಿಟ್ಟಿದ್ದರೆ ಏನಾಗುತ್ತಿತ್ತು?

ಸುಮ್ನಿರಪ್ಪ:
ನಿಮ್ಮ ಬೇಜಾರು ಕಳೆಯಲಿ ಅಂತ 16.5 ಕೋಟಿ ಡಾಲರ್ ಸುರಿದಿದ್ದರಾ ಅವರು?

ಗಾಂಧಿನಗರದ ಗಿಣಿ:
ಮಂಜಣ್ಣ, ಸಾರಿ, ಮರಳುಹುಳ ಅವರೇ. ನಾನು ಹನ್ನೆರಡು ವರ್ಷದಿಂದ ವಿತರಕರ ಆಫೀಸಿನಲ್ಲಿ ಲೆಕ್ಕ ಬರೆಯುವವನು, ಹಾಗಾಗಿ ಲೆಕ್ಕದ ಕಡೆಯಿಂದ ಹೇಳುತ್ತೇನೆ.

ನೀವು ಹೇಳಿದ ಆ ಅಕ್ಟೋಬರ್ 5 ಇದೆಯಲ್ಲ, ಅದರ ಹಿಂದೆ ಮುಂದೆ ಮೂರು ದಿನ ನೋಡಿ. ಅಕ್ಟೋಬರ್ 2ಕ್ಕೆ ಬಾಂಡ್ ಸಿನಿಮಾ ನವೆಂಬರಿನಿಂದ ಮುಂದಿನ ಏಪ್ರಿಲ್‌ಗೆ ಹೋಯಿತು. ಅದು ಮೊದಲು 2020ರ ಏಪ್ರಿಲ್‌ಗೆ ಬರಬೇಕಿತ್ತು. ದೊಡ್ಡ ಸಿನಿಮಾಗಳಲ್ಲಿ ಕೊರೊನಾ ಅಂತ ಮೊದಲು ಕಾಲು ತೆಗೆದವರೇ ಅವರು, ಮಾರ್ಚ್ 4ಕ್ಕೆ. ಅವತ್ತಿಗೆ ಚೀನಾದಲ್ಲಿ ಥಿಯೇಟರ್ ಬಾಗಿಲು ಹಾಕಿ ಒಂದು ತಿಂಗಳು ದಾಟಿತ್ತು, ಆ ಮಾರ್ಕೆಟ್ ಇಲ್ಲದೆ ಅವರಿಗೆ ಲೆಕ್ಕ ಕೂಡುತ್ತಿರಲಿಲ್ಲ. ಸರಿ, ಬಾಂಡ್ ಎರಡನೇ ಸಲ ಹೋದ ಮೂರೇ ದಿನಕ್ಕೆ ಸಿನಿವರ್ಲ್ಡ್ ಕಂಪನಿ ಅಮೆರಿಕದ 536, ಬ್ರಿಟನ್ನಿನ 127 ಥಿಯೇಟರ್ ಮುಚ್ಚುತ್ತೇವೆ ಅಂತ ಹೇಳಿತು. ಸುಮಾರು 45 ಸಾವಿರ ಜನರ ಕೆಲಸ. ಸಿನಿಮಾ ಇಲ್ಲದೆ ಬಾಗಿಲು ತೆಗೆದಿಟ್ಟು ಏನು ಮಾಡುವುದು ಅಂತ. ಅದೇ ದಿನ ಡ್ಯೂನ್ ಕೂಡ ಮುಂದಕ್ಕೆ ಹೋಯಿತು.

ಅಂದರೆ ಥಿಯೇಟರ್ ಇಲ್ಲ ಅಂತ ಸಿನಿಮಾ ಬರಲ್ಲ, ಸಿನಿಮಾ ಇಲ್ಲ ಅಂತ ಥಿಯೇಟರ್ ತೆಗೆಯಲ್ಲ. ಇಬ್ಬರೂ "ನೀನು ಮೊದಲು" ಅಂತ ಕೂತರು. ಟೆನೆಟ್ ಅನ್ನುವ ಇನ್ನೊಂದು ಹಾಲಿವುಡ್ ಸಿನಿಮಾದವರು ಒಬ್ಬರು ಧೈರ್ಯ ಮಾಡಿ ಆಗಸ್ಟ್ ಕೊನೆಗೆ ಬಂದರು. ಜುಲೈ 17 ಅಂದರು, 31 ಅಂದರು, ಆಗಸ್ಟ್ 12 ಅಂದರು, ಕೊನೆಗೆ ಅಮೆರಿಕ ಬಿಟ್ಟು ಹೊರದೇಶಗಳಲ್ಲಿ 26ಕ್ಕೆ ಬಿಟ್ಟರು. ನ್ಯೂಯಾರ್ಕ್, ಲಾಸ್ ಏಂಜಲೀಸ್ ಎರಡೂ ಊರಲ್ಲಿ ಥಿಯೇಟರ್ ಬಂದ್. 20 ಕೋಟಿ ಡಾಲರ್ ಹಾಕಿದ ಸಿನಿಮಾ ಪ್ರಪಂಚದಲ್ಲೆಲ್ಲ ಸೇರಿ 36 ಕೋಟಿ ಚಿಲ್ಲರೆ ಮಾಡಿತು. ಅದರಲ್ಲಿ ಥಿಯೇಟರಿನವರ ಪಾಲು ತೆಗೆಯಿರಿ, ಪ್ರಚಾರದ ಖರ್ಚು ತೆಗೆಯಿರಿ. ಮಿಕ್ಕವರೆಲ್ಲ ಅದನ್ನು ನೋಡಿ "ಅವರ ಗತಿ ನಮಗೆ ಬೇಡ" ಅಂತ ಹಿಂದೆ ಸರಿದರು.

ಮರಳುಹುಳ:
ಮಂಜಣ್ಣ ಯಾರು ಸರ್, ಬಿಡಿ, ಗುಟ್ಟು ರಟ್ಟಾಯಿತು 😄

ಆದರೆ ಟೆನೆಟ್ ನಮಗೆ ಬಂದದ್ದು ಡಿಸೆಂಬರ್ 4ಕ್ಕೆ. ಮುಂಬೈಯಲ್ಲಿ ಶೂಟ್ ಮಾಡಿದ ಸಿನಿಮಾ, ಡಿಂಪಲ್ ಕಪಾಡಿಯಾ ಇದ್ದಾರೆ, ಆದರೂ ನಾವು ಮೂರು ತಿಂಗಳು ಕಾಯಬೇಕಾಯಿತು. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಕಥೆಯೆಲ್ಲ ಹೇಳಿಬಿಟ್ಟಿದ್ದರು. ಹೇಳಿದರೂ ಅರ್ಥ ಆಗಿರಲಿಲ್ಲ, ಅದು ಬೇರೆ ಮಾತು.

ಹೇಮಾವತಿ ಬಾಲ್ಕನಿ:
ನಮ್ಮ ಅಪ್ಪ, ಚಿಕ್ಕಪ್ಪ ಸೇರಿ ಹಾಸನ ಕಡೆ ಒಂದು ತಾಲ್ಲೂಕಿನಲ್ಲಿ ಥಿಯೇಟರ್ ನಡೆಸುತ್ತಾರೆ. ಒಂದೇ ಪರದೆ. ಈ ಚರ್ಚೆಯಲ್ಲಿ ಬರೀ ಬಾಂಡ್, ಡ್ಯೂನ್ ಅಂತಿದ್ದೀರಿ, ನಮ್ಮ ಕಡೆದೂ ಸ್ವಲ್ಪ ಕೇಳಿ.

2020ರ ಮಾರ್ಚ್ 13, ಶುಕ್ರವಾರ. ಸಂಜೆ ಟಿವಿಯಲ್ಲಿ ನಾಳೆಯಿಂದ ಒಂದು ವಾರ ಮಾಲು, ಥಿಯೇಟರು ಎಲ್ಲ ಬಂದ್ ಅಂತ ಬಂತು. ಒಂದು ವಾರ ತಾನೇ ಅಂತ ಅಪ್ಪ ಕ್ಯಾಂಟೀನಿಗೆ ಹಾಲು ಮಾತ್ರ ಬೇಡ ಅಂತ ಹೇಳಿಕಳಿಸಿದರು. ಪಾಪ್‌ಕಾರ್ನ್ ಮೂಟೆ, ಸೋಡಾ ಕ್ರೇಟು ಹಾಗೇ ಇತ್ತು. ಹೊರಗೆ ಗಾಜಿನ ಪೆಟ್ಟಿಗೆಯಲ್ಲಿ ಮುಂದಿನ ಸಿನಿಮಾದ ಪೋಸ್ಟರ್ ಮೇಲೆ "ನಾಳೆಯಿಂದ" ಅಂತ ಕೆಂಪು ಚೀಟಿ ಅಂಟಿಸಿಯಾಗಿತ್ತು. ಆ ಚೀಟಿ ಏಳು ತಿಂಗಳು ಅಲ್ಲೇ ಇತ್ತು. ರಸ್ತೆಯಲ್ಲಿ ಹೋಗುವವರು ಅಪ್ಪನ್ನ ನೋಡಿ "ಏನ್ ಗೌಡ್ರೇ, ನಾಳೆಯಿಂದನಾ?" ಅಂತ ಕೇಳುತ್ತಿದ್ದರು. ಮೊದಮೊದಲು ಅಪ್ಪನೂ ನಗುತ್ತಿದ್ದರು. ಆಮೇಲಾಮೇಲೆ ಆ ರಸ್ತೆಯಲ್ಲಿ ಓಡಾಡುವುದನ್ನೇ ಬಿಟ್ಟರು.

ಬಾಗಿಲು ಹಾಕಿದರೆ ಖರ್ಚು ನಿಲ್ಲುತ್ತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಲ್ಲಲ್ಲ. ಕರೆಂಟಿಗೆ ಕನಿಷ್ಠ ಶುಲ್ಕ ಬರುತ್ತಲೇ ಇತ್ತು. ಪ್ರೊಜೆಕ್ಟರ್ ಸುಮ್ನೆ ಬಿಟ್ಟರೆ ಕೆಡುತ್ತೆ, ವಾರಕ್ಕೊಂದು ಸಲ ಎಸಿ ಹಾಕಿ, ದೀಪ ಹೊತ್ತಿಸಿ, ಒಂದು ಗಂಟೆ ಖಾಲಿ ಥಿಯೇಟರಿನಲ್ಲಿ ಟ್ರೇಲರ್ ಓಡಿಸಬೇಕು. ಆಪರೇಟರ್ ಮಾಮ ಸೈಕಲ್ ತುಳಿದುಕೊಂಡು ಬಂದು ಅದನ್ನು ಮಾಡುತ್ತಿದ್ದರು. ನಾನೂ ಹೋಗಿ ಕೂರುತ್ತಿದ್ದೆ. ಅರುನೂರು ಸೀಟು, ನಾನೊಬ್ಬಳು, ಮೇಲೆ ಕಿಂಡಿಯಲ್ಲಿ ಮಾಮ. ಇಲಿಗಳು ಹಿಂದಿನ ಸ್ಪೀಕರಿನ ವೈರು ಕಡಿದದ್ದು ಗೊತ್ತಾಗಿದ್ದೇ ಹಾಗೆ, ಎಡಗಡೆಯಿಂದ ಸೌಂಡೇ ಬರಲಿಲ್ಲ.

ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದ ಅಣ್ಣ ತರಕಾರಿ ಗಾಡಿ ಇಟ್ಟುಕೊಂಡರು. ಈಗಲೂ ಅದೇ ಮಾಡುತ್ತಾರೆ, ವಾಪಸ್ ಬರಲಿಲ್ಲ.

ಸುಮ್ನಿರಪ್ಪ:
ಮೇಡಂ, ಇದನ್ನು ಓದಿ ನಿಜವಾಗಲೂ ಸುಮ್ಮನಾದೆ.

ಹಳೇ ರೀಲು:
ಅಕ್ಟೋಬರ್ 15, 2020ರಿಂದ ಅರ್ಧ ಸೀಟಿಗೆ ಅನುಮತಿ ಕೊಟ್ಟರಲ್ಲ, ಆಗ ತೆಗೆದಿರಾ?

ಹೇಮಾವತಿ ಬಾಲ್ಕನಿ:
ತೆಗೆಯಲಿಕ್ಕೆ ಏನಿತ್ತು ಸರ್? ಹೊಸ ಸಿನಿಮಾ ಯಾರೂ ಕೊಡಲಿಲ್ಲ. ಶಿವಾರ್ಜುನ ಮತ್ತೆ ಬಿಟ್ಟರು. ಅದು ಮಾರ್ಚ್ 12ಕ್ಕೆ ಬಂದು ಎರಡೇ ದಿನ ಓಡಿದ್ದ ಸಿನಿಮಾ. ನಡುವೆ ಜೂನ್ 7ಕ್ಕೆ ಅದರ ಹೀರೊ ಚಿರು, ಚಿರಂಜೀವಿ ಸರ್ಜಾ, ಹೋಗಿಬಿಟ್ಟರು. ಮಾರ್ಚಿನಲ್ಲಿ ಹೊಸ ಸಿನಿಮಾ ಅಂತ ಬಂದದ್ದು ಅಕ್ಟೋಬರಿನಲ್ಲಿ ಅವರ ನೆನಪಿನ ಸಿನಿಮಾ ಆಗಿತ್ತು. ಮುಂದೂಡುವುದು ಅಂದಾಗೆಲ್ಲ ನನಗೆ ಡ್ಯೂನ್ ನೆನಪಾಗಲ್ಲ, ಇದು ನೆನಪಾಗುತ್ತೆ.

ಫ್ರಿಮಾಂಟ್ ಕನ್ನಡಿಗ:
ಅಮೆರಿಕದಿಂದ ಒಂದು ಮಾತು. ಮರಳುಹುಳ ಕೇಳಿದ ಹಾಗೆ "ಮನೆಗೇ ಬಿಟ್ಟಿದ್ದರೆ" ಅನ್ನುವುದು ಇಲ್ಲಿ ನಡೆದೇ ಹೋಯಿತಲ್ಲ. 2020ರ ಡಿಸೆಂಬರ್ 3ಕ್ಕೆ ವಾರ್ನರ್ ಬ್ರದರ್ಸ್ ತನ್ನ 2021ರ ಹದಿನೇಳೂ ಸಿನಿಮಾ ಥಿಯೇಟರಿಗೆ ಬಂದ ದಿನವೇ ತಮ್ಮ ಒಟಿಟಿ ಎಚ್‌ಬಿಒ ಮ್ಯಾಕ್ಸ್‌ನಲ್ಲೂ ಬರುತ್ತೆ ಅಂತ ಹೇಳಿಬಿಟ್ಟಿತು. ಅದರಲ್ಲಿ ಡ್ಯೂನೂ ಇತ್ತು, ಮೇಟ್ರಿಕ್ಸ್ ಕೂಡ. ನಿರ್ದೇಶಕ ವಿಲ್‌ನ್ಯೂವ್ ಪತ್ರಿಕೆಯಲ್ಲಿ ಬಹಿರಂಗ ಪತ್ರ ಬರೆದು ಸಿಡಿದರು. ನಾನಾಗ "ಈಯಪ್ಪಂದು ಜಾಸ್ತಿಯಾಯಿತು, ಜನ ಸಾಯುತ್ತಿದ್ದಾರೆ, ಇವರಿಗೆ ಪರದೆ ಚಿಂತೆ" ಅಂದುಕೊಂಡಿದ್ದೆ.

2021ರ ಅಕ್ಟೋಬರಿನಲ್ಲಿ ಮನೆಯಲ್ಲೇ ಹಾಕಿದೆ. ಮಗಳಿಗೆ ಎರಡು ವರ್ಷ. ಮರಳುಗಾಡಿನಲ್ಲಿ ಆ ದೊಡ್ಡ ಹುಳ ಮೊದಲ ಸಲ ಬಾಯಿ ತೆಗೆಯುವ ಹೊತ್ತಿಗೆ ಸರಿಯಾಗಿ ಅವಳಿಗೆ ಬಾತ್‌ರೂಮ್. ನಿಲ್ಲಿಸಿದೆ. ವಾಪಸ್ ಬಂದೆ. ಹೆಂಡತಿ ಮಿಕ್ಸಿ ಹಾಕಿದಳು, ನಿಲ್ಲಿಸಿದೆ. ಎರಡೂವರೆ ಗಂಟೆಯ ಸಿನಿಮಾ ಮೂರು ರಾತ್ರಿ ನೋಡಿದೆ. ಎರಡು ವಾರ ಬಿಟ್ಟು ದೊಡ್ಡ ಪರದೆಯ ಐಮ್ಯಾಕ್ಸಿಗೆ ಹೋದೆ. ಅದೇ ಹುಳ. ಕುರ್ಚಿ ನಡುಗಿತು. ಆ ಮನುಷ್ಯ ಬರೆದ ಪತ್ರ ಆಗ ಅರ್ಥವಾಯಿತು.

ರೋಟೊ ರಾಣಿ:
ಎಲ್ಲರೂ "ರೆಡಿ ಇದ್ದ ಸಿನಿಮಾ" ಅಂತಿದ್ದೀರಿ, ಎಲ್ಲವೂ ರೆಡಿ ಇರಲಿಲ್ಲ ಸ್ವಾಮಿ. ಅದರಲ್ಲೂ ಸೈ-ಫೈ.

ನಾನು 2020ರಲ್ಲಿ ಬೆಂಗಳೂರಿನ ಒಂದು ವಿಎಫ್‌ಎಕ್ಸ್ (ಕಂಪ್ಯೂಟರಿನಲ್ಲಿ ದೃಶ್ಯ ಕೂಡಿಸುವ) ಸ್ಟುಡಿಯೋದಲ್ಲಿ ರೋಟೊ ಮಾಡುತ್ತಿದ್ದೆ. ಗೊತ್ತಿಲ್ಲದವರಿಗೆ: ಹೀರೊ ಓಡುತ್ತಾ ಇರುತ್ತಾನೆ, ಅವನ ಹಿಂದಿರುವುದನ್ನು ತೆಗೆದು ಬೇರೆ ಊರು ಕೂರಿಸಬೇಕು. ಅದಕ್ಕೆ ಅವನ ಸುತ್ತ ಗೆರೆ ಎಳೆದು ಬಿಡಿಸಬೇಕು. ಒಂದು ಸೆಕೆಂಡಿಗೆ 24 ಫ್ರೇಮ್. ಕೂದಲು ಹಾರುತ್ತಿದ್ದರೆ ನಮ್ಮ ಕಥೆ ಮುಗೀತು. ಇಂಥ ಕೆಲಸ ಬೆಂಗಳೂರು, ಚೆನ್ನೈ, ಮುಂಬೈಗೆ ಬರುತ್ತೆ. ಡ್ಯೂನ್ ಮತ್ತು ಟೆನೆಟ್ ಎರಡಕ್ಕೂ ವಿಎಫ್‌ಎಕ್ಸ್ ಆಸ್ಕರ್ ತಂದುಕೊಟ್ಟ ಡಿಎನ್‌ಇಜಿ ಕಂಪನಿಗೂ ಮುಂಬೈ, ಚೆನ್ನೈಯಲ್ಲಿ ದೊಡ್ಡ ಸ್ಟುಡಿಯೋಗಳಿವೆ. ನಾನು ಅವೆರಡಕ್ಕೂ ಕೆಲಸ ಮಾಡಿಲ್ಲ, ಸುಮ್ನೆ ಕ್ರೆಡಿಟ್ ತಗೊಳ್ಳಲ್ಲ.

ನಮ್ಮಲ್ಲಿ ಮಾರ್ಚಿನ ತನಕ ನಿಯಮ ಹೇಗಿತ್ತು ಗೊತ್ತಾ? ಫೋನು ಲಾಕರಿನಲ್ಲಿ ಇಟ್ಟು ಒಳಗೆ ಹೋಗಬೇಕು. ಕಂಪ್ಯೂಟರಿಗೆ ಇಂಟರ್‌ನೆಟ್ ಇಲ್ಲ, ಪೆನ್‌ಡ್ರೈವ್ ತೂತಿಗೆ ಸೀಲ್. ಸಿನಿಮಾ ಸೋರಬಾರದು ಅಂತ. ಒಂದೇ ವಾರದಲ್ಲಿ ಎಲ್ಲ ತಲೆಕೆಳಗಾಯಿತು. ಮನೆಗೆ ಸಣ್ಣದೊಂದು ಡಬ್ಬ ಕಳಿಸಿದರು. ಕೆಲಸ ನಡೆಯುವುದು ಆಫೀಸಿನ ಕಂಪ್ಯೂಟರಿನಲ್ಲೇ, ಚಿತ್ರ ಮಾತ್ರ ನಮ್ಮನೆ ಪರದೆಗೆ ಬರುತ್ತೆ. ಬಿಟಿಎಂನಲ್ಲಿ ಎರಡನೇ ಮಹಡಿ, ಪಕ್ಕದ ಮನೆ ಹುಡುಗನ ಆನ್‌ಲೈನ್ ಕ್ಲಾಸ್ ಶುರುವಾದರೆ ನನ್ನ ಕರ್ಸರ್ ನಿಂತುಬಿಡುತ್ತಿತ್ತು. ಗೆರೆ ಎಳೆಯುತ್ತೇನೆ, ಅರ್ಧ ಸೆಕೆಂಡ್ ಬಿಟ್ಟು ಅದು ಬೇರೆಲ್ಲೋ ಬೀಳುತ್ತೆ. ಹೀರೊನ ಕಿವಿ ಅಲ್ಲಿ, ನನ್ನ ಗೆರೆ ಇಲ್ಲಿ. ದಿನಕ್ಕೆ ಮುಗಿಸುತ್ತಿದ್ದ ಶಾಟು ಮೂರು ದಿನ ಆಯಿತು. ಮಳೆ ಬಂದರೆ ಕರೆಂಟ್ ಹೋಗುತ್ತೆ, ಲೈನ್ ಕಟ್. ಆಮೇಲೆ ಅಲ್ಲಿಂದ ಫೋನು, "ವೈ ಇಸ್ ಇಟ್ ಪೆಂಡಿಂಗ್" ಅಂತ.

ಇದನ್ನು ಒಂದು ಸಿನಿಮಾದ ಎರಡು ಸಾವಿರ ಶಾಟಿಗೆ ಗುಣಿಸಿ. ಅದಕ್ಕೇ ಹೇಳಿದ್ದು, ತಾರೀಕು ಬದಲಾಯಿಸಿದಾಗೆಲ್ಲ ನೀವು ಟ್ವಿಟ್ಟರಿನಲ್ಲಿ ಅಳುತ್ತಿದ್ದಿರಿ, ನಮ್ಮ ಗ್ರೂಪಿನಲ್ಲಿ ಒಬ್ಬರು ಮೈಸೂರ್ ಪಾಕ್ ಫೋಟೊ ಹಾಕುತ್ತಿದ್ದರು.

ಮರಳುಹುಳ:
ಮೈಸೂರ್ ಪಾಕ್! ನಿಮಗೆ ನಮ್ಮ ಶಾಪ ತಟ್ಟಲಿ 😂 ಡ್ಯೂನಿನಲ್ಲಿ ಹಸಿರು ಪರದೆ ಬದಲು ಮರಳಿನ ಬಣ್ಣದ ಪರದೆ ಹಾಕಿದ್ದರಂತಲ್ಲ, ಅದರಿಂದ ರೋಟೊ ಕೆಲಸ ಕಮ್ಮಿ ಆಗುತ್ತಾ?

ರೋಟೊ ರಾಣಿ:
ಕಮ್ಮಿ ಅಂತಲ್ಲ, ಬೇರೆ ಥರ. ಹಸಿರು ಪರದೆ ಇಟ್ಟರೆ ಅದರ ಬೆಳಕು ಮುಖಕ್ಕೆ, ಬಟ್ಟೆಗೆ ತಾಗಿ ಎಲ್ಲ ಪಾಚಿ ಕಟ್ಟಿದ ಹಾಗೆ ಆಗುತ್ತೆ, ಅದನ್ನು ತೊಳೆಯುವುದೇ ಒಂದು ಕೆಲಸ. ಮರಳಿನ ಬಣ್ಣ ಇಟ್ಟರೆ ತಾಗುವ ಬೆಳಕೂ ಮರಳುಗಾಡಿನದೇ. ಆ ಬಣ್ಣವನ್ನು ಉಲ್ಟಾ ಮಾಡಿದರೆ ನೀಲಿ ಬರುತ್ತೆ, ಹಾಗಾಗಿ ಅದನ್ನೇ ನೀಲಿ ಪರದೆ ಥರ ಬಳಸಬಹುದು. ಸಿಂಪಲ್ ಐಡಿಯಾ, ಯಾರಿಗೂ ಹೊಳೆದಿರಲಿಲ್ಲ.

ಸುಮ್ನಿರಪ್ಪ:
ನನ್ನ ಮಾತು ವಾಪಸ್ ಶುರು. ಎಲ್ಲದಕ್ಕೂ ಕೊರೊನಾ ಮೇಲೆ ಹಾಕಬೇಡಿ. ಅವತಾರ್ 2 ಮೊದಲು 2014ಕ್ಕೆ ಅಂದಿದ್ದರು! ಕೊರೊನಾ ಹುಟ್ಟುವ ಮೊದಲೇ ಎಷ್ಟೋ ಸಲ ಮುಂದೆ ಹೋಗಿತ್ತು. ಕೊರೊನಾದಿಂದ ಆದದ್ದು ಕೊನೆಯ ಒಂದೇ ವರ್ಷ, 2021ರ ಡಿಸೆಂಬರಿನಿಂದ 2022ರ ಡಿಸೆಂಬರಿಗೆ. ಡ್ಯೂನ್ ಎರಡನೇ ಭಾಗ 2023ರ ನವೆಂಬರಿನಿಂದ 2024ರ ಮಾರ್ಚಿಗೆ ಹೋದದ್ದು ನಟರ ಮುಷ್ಕರದಿಂದ. ಡ್ಯೂನ್ ಮೊದಲ ಭಾಗ ಕೂಡ ಶುರುವಿಗೆ 2020ರ ನವೆಂಬರ್ 20 ಇತ್ತು, ಡಿಸೆಂಬರ್ 18 ಆದದ್ದು ಕೊರೊನಾಕ್ಕಿಂತ ಮೊದಲು. ತಾರೀಕು ಮುಂದೂಡುವುದು ಇವರಿಗೆ ಚಟ.

ಗಾಂಧಿನಗರದ ಗಿಣಿ:
ಚಟ ಅಲ್ಲಪ್ಪ, ತಾಕತ್ತು. ಇದು ಮುಖ್ಯ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೈಬೇಡಿ.

ಕಾಯೋಕೂ ದುಡ್ಡು ಬೇಕು. ಟಾಪ್ ಗನ್ ನೋಡಿ. 2020ರ ಜೂನಿಗೆ ಬರಬೇಕಿದ್ದದ್ದು ಡಿಸೆಂಬರ್, ಆಮೇಲೆ 2021ರ ಜುಲೈ, ನವೆಂಬರ್, ಕೊನೆಗೆ 2022ರ ಮೇ. ಎರಡು ವರ್ಷ ಹಿಡಿದುಕೊಂಡು ಕೂತರು, 149 ಕೋಟಿ ಡಾಲರ್ ಹತ್ತಿರ ಎತ್ತಿದರು. ನಮ್ಮ ಕೆಜಿಎಫ್ 2 ಅಷ್ಟೇ. 2020ರ ಅಕ್ಟೋಬರ್ 23 ಅಂದಿದ್ದರು, ಆಮೇಲೆ 2021ರ ಜುಲೈ 16, ಬಂದದ್ದು 2022ರ ಏಪ್ರಿಲ್ 14. ಆರ್‌ಆರ್‌ಆರ್ 2020ರ ಜುಲೈ 30ರಿಂದ ಹೊರಟು 2022ರ ಮಾರ್ಚ್ 25ಕ್ಕೆ ತಲುಪಿತು, ಕೊನೇ ಗಳಿಗೆಯಲ್ಲಿ ಜನವರಿ 7 ಅಂತ ಊರೆಲ್ಲ ಸುತ್ತಿ ಪ್ರಚಾರ ಮಾಡಿ ಒಮಿಕ್ರಾನ್ ಅಂತ ವಾಪಸ್ ತಗೊಂಡರು. ಆ ಪ್ರಚಾರದ ಖರ್ಚು ಎರಡನೇ ಸಲ ಮಾಡಬೇಕು. ಬಾಂಡ್ ಕಥೆ ಇನ್ನೂ ಮಜಾ: ಸಿನಿಮಾದ ಹಾಡು 2020ರ ಫೆಬ್ರವರಿಯಲ್ಲಿ ಬಂತು, 2021ರ ಮಾರ್ಚಿನಲ್ಲಿ ಆ ಹಾಡಿಗೆ ಗ್ರ್ಯಾಮಿ ಬಂತು, ಸಿನಿಮಾ ಬಂದದ್ದು ಸೆಪ್ಟೆಂಬರ್ ಕೊನೆಗೆ. ಮಗು ಹುಟ್ಟುವ ಮೊದಲೇ ಕುಲಾವಿಗೆ ಬಹುಮಾನ.

ಇವರಿಗೆಲ್ಲ ಕಾಯುವ ತಾಕತ್ತಿತ್ತು. ಈಗ ಗಾಂಧಿನಗರದ ಸಣ್ಣ ನಿರ್ಮಾಪಕನ್ನ ನೆನೆಸಿಕೊಳ್ಳಿ. ಎರಡು ಕೋಟಿಯ ಸಿನಿಮಾ, ಅದರಲ್ಲಿ ಒಂದೂವರೆ ಫೈನಾನ್ಸ್. ತಿಂಗಳಿಗೆ ನೂರಕ್ಕೆ ಎರಡು ಅಂತ ಬಡ್ಡಿ ಹಿಡಿದರೂ ತಿಂಗಳಿಗೆ ಮೂರು ಲಕ್ಷ. ಒಂದು ವರ್ಷ ಕಾದರೆ 36 ಲಕ್ಷ ಬರೀ ಬಡ್ಡಿ. ಸಿನಿಮಾ ಪರದೆ ಕಾಣುವ ಮೊದಲೇ ಮುಳುಗಿತು. ಅವನು ಒಟಿಟಿಯವರ ಬಾಗಿಲಿಗೆ ಹೋದರೆ "ಹೀರೊ ಯಾರು?" ಅಂತ ಕೇಳುತ್ತಾರೆ. 2020ರ ಜುಲೈಯಲ್ಲಿ ಪಿಆರ್‌ಕೆ ಬ್ಯಾನರಿನ ಲಾ, ಫ್ರೆಂಚ್ ಬಿರಿಯಾನಿ ಸಿನಿಮಾಗಳು ನೇರ ಪ್ರೈಮಿಗೆ ಹೋದವು, ಹೌದು. ಅದರ ಹಿಂದೆ ಪುನೀತ್ ಹೆಸರಿತ್ತು. ನಮ್ಮ ಆಫೀಸಿಗೆ ಬಂದು ಕೂರುತ್ತಿದ್ದವರ ಹಿಂದೆ ಯಾರ ಹೆಸರೂ ಇರಲಿಲ್ಲ.

ಮರಳುಹುಳ:
ಪುನೀತ್ ಅಂದಿರಿ, ಯುವರತ್ನ ಹೇಳಲೇಬೇಕು. ಅದು ಇನ್ನಷ್ಟು ಕಾಯದೆ ಬಂದದ್ದಕ್ಕೆ ಸಿಕ್ಕ ಬಹುಮಾನ. 2021ರ ಏಪ್ರಿಲ್ 1ಕ್ಕೆ ಬಂತು, ಹೌಸ್‌ಫುಲ್. ಮಾರನೇ ದಿನವೇ ಅರ್ಧ ಸೀಟು ಮಾತ್ರ ಅಂತ ಆದೇಶ. ಅಪ್ಪು ಅವರೇ ವಿಡಿಯೋ ಮಾಡಿ ಕೇಳಿಕೊಂಡರು, ಇಂಡಸ್ಟ್ರಿ ಎಲ್ಲ ಸೇರಿ 7ರ ತನಕ ಟೈಮ್ ತಗೊಂಡರು. 9ಕ್ಕೆ ಪ್ರೈಮಿಗೆ ಬಂದುಬಿಟ್ಟಿತು. ಎಂಟು ದಿನ.

ಹೇಮಾವತಿ ಬಾಲ್ಕನಿ:
ನಮ್ಮಲ್ಲಿ ಆ ಒಂದು ವಾರ ಜಾತ್ರೆ. ಅಪ್ಪ ಒಂದು ವರ್ಷದ ಮೇಲೆ ಮೊದಲ ಸಲ ಬಿಳಿ ಅಂಗಿ ಹಾಕಿ ಗೇಟಿನಲ್ಲಿ ನಿಂತಿದ್ದರು. ಆಮೇಲೆ ಏಪ್ರಿಲ್ ಮುಗಿಯುವ ಮೊದಲೇ ಮತ್ತೆ ಎಲ್ಲ ಬಂದ್. ಎರಡನೇ ಅಲೆಯಲ್ಲಿ ಸಿನಿಮಾ ಯಾರ ತಲೆಯಲ್ಲೂ ಇರಲಿಲ್ಲ. ಆಪರೇಟರ್ ಮಾಮ ಆ ಮೇ ತಿಂಗಳಲ್ಲಿ ತೀರಿಕೊಂಡರು.

ಹಳೇ ರೀಲು:
ಛೇ. ಏನು ಹೇಳಬೇಕೋ ಗೊತ್ತಾಗುತ್ತಿಲ್ಲ ತಾಯಿ.

ಹಳೇ ರೀಲು:
ಸ್ವಲ್ಪ ಹೊತ್ತು ಬಿಟ್ಟು ಬರೆಯುತ್ತಿದ್ದೇನೆ. ಇದೇನು ಮೊದಲ ಸಲ ಅಲ್ಲ ಅಂತ ಹೇಳಬೇಕು ಅನಿಸಿತು. 1918ರ ಇನ್‌ಫ್ಲುಯೆಂಜಾ ಕಾಲದಲ್ಲೂ ಅಮೆರಿಕದ ಸಿನಿಮಾ ಕಂಪನಿಗಳು ಅಕ್ಟೋಬರ್ ಮಧ್ಯದಿಂದ ಸುಮಾರು ನಾಲ್ಕು ವಾರ ಹೊಸ ಚಿತ್ರ ಬಿಡುವುದನ್ನೇ ನಿಲ್ಲಿಸಿದ್ದವು. ಆಗಲೂ ತಡೆದುಕೊಂಡವರು ದೊಡ್ಡವರು, ಕೈಬಿಟ್ಟವರು ಒಂದೇ ಥಿಯೇಟರ್ ಇದ್ದವರು. ನಮ್ಮ ಮೈಸೂರಿನಲ್ಲಿ ಶಾಂತಲಾ 2020ರಲ್ಲೇ ಬಾಗಿಲು ಹಾಕಿತಲ್ಲ. ನಾನು ಕಾಲೇಜು ತಪ್ಪಿಸಿ ಮಾರ್ನಿಂಗ್ ಶೋ ನೋಡಿದ ಥಿಯೇಟರು. ಡ್ಯೂನ್ ಎಷ್ಟು ತಡವಾದರೂ ಬಂತು, ಶಾಂತಲಾ ಬರಲಿಲ್ಲ.

ಫ್ರಿಮಾಂಟ್ ಕನ್ನಡಿಗ:
ಒಂದು ವಿಷಯಕ್ಕೆ ಒಪ್ಪಲ್ಲ. ಕಾಯಿಸಿದವರೆಲ್ಲ ಜಾಣರು, ಮನೆಗೆ ಬಿಟ್ಟವರೆಲ್ಲ ದಡ್ಡರು ಅನ್ನುವ ಹಾಗಿದೆ ಮಾತು. ಡ್ಯೂನ್ ಎರಡೂ ಕಡೆ ಒಂದೇ ದಿನ ಬಂತು, ಆದರೂ ಅಮೆರಿಕದಲ್ಲಿ ಮೊದಲ ಮೂರು ದಿನಕ್ಕೆ 4.1 ಕೋಟಿ ಡಾಲರ್, ಪ್ರಪಂಚದಲ್ಲೆಲ್ಲ ಸೇರಿ ಒಟ್ಟು 40 ಕೋಟಿ. ಎರಡನೇ ಭಾಗಕ್ಕೆ ಒಪ್ಪಿಗೆ ಬಂದದ್ದು ಬಿಡುಗಡೆಯಾಗಿ ನಾಲ್ಕು ದಿನಕ್ಕೆ, ಅಕ್ಟೋಬರ್ 26ಕ್ಕೆ. ಅಲ್ಲಿಯವರೆಗೆ ಅರ್ಧ ಕಥೆ ಹೇಳಿ ಕೈಬಿಡುತ್ತಾರೇನೋ ಅಂತ ನಮಗೆ ಭಯ. ಮನೆಯಲ್ಲಿ ನೋಡಿ ಇಷ್ಟಪಟ್ಟ ನನ್ನಂಥವರೇ ಎರಡನೇ ಭಾಗಕ್ಕೆ ಥಿಯೇಟರಿಗೆ ಓಡಿದ್ದು, ಅದು 71 ಕೋಟಿ ಮಾಡಿತು.

ಸುಮ್ನಿರಪ್ಪ:
ನೀವು ಮೂರು ರಾತ್ರಿ ನೋಡಿದವರು, ನಿಮ್ಮನ್ನು ಲೆಕ್ಕಕ್ಕೆ ಹಿಡಿಯಲ್ಲ.

ಮರಳುಹುಳ:
ನಾನು 22ಕ್ಕೇ ನೋಡಿದೆ, ಶುಕ್ರವಾರ ಸಂಜೆ ಶೋ, ಬೆಂಗಳೂರು. ಕರ್ನಾಟಕದಲ್ಲಿ ಪೂರ್ತಿ ಸೀಟಿಗೆ ಅನುಮತಿ ಸಿಕ್ಕಿ ಮೂರೇ ವಾರ ಆಗಿತ್ತು. ಪಕ್ಕದ ಪರದೆಯಲ್ಲಿ ಸಲಗ, ಗೋಡೆ ದಾಟಿ ಶಿಳ್ಳೆ ಕೇಳುತ್ತಿತ್ತು. ಮಾಸ್ಕ್ ಒಳಗೆ ಬೆವರು, ಕನ್ನಡಕಕ್ಕೆ ಉಸಿರಿನ ಮಂಜು, ಹತ್ತು ನಿಮಿಷಕ್ಕೊಮ್ಮೆ ಒರೆಸಿಕೊಂಡು ನೋಡಿದೆ. ಯಾರೋ ಕೆಮ್ಮಿದರೆ ಮೂರು ಸಾಲು ತಿರುಗಿ ನೋಡುತ್ತಿತ್ತು. ಮುಂದಿನ ಶುಕ್ರವಾರ ಏನಾಯಿತು ಅಂತ ನಿಮಗೆ ಗೊತ್ತು, ಅಕ್ಟೋಬರ್ 29, ಅಪ್ಪು ಹೋದ ದಿನ.

ಪ್ರಶ್ನೆ ಕೇಳಿದವನು ನಾನೇ, ಈಗ ನನಗೇ ಅದು ಸಣ್ಣದು ಅನಿಸುತ್ತಿದೆ. ಡ್ಯೂನ್ ಕಾದದ್ದರಿಂದ ನನಗೇನೂ ನಷ್ಟ ಆಗಲಿಲ್ಲ. ಅದು ಕಾಯುತ್ತಿದ್ದಾಗ ಬಾಗಿಲು ತೆಗೆದಿಟ್ಟುಕೊಂಡು ಕೂತಿದ್ದವರಿಗೆ ಆಯಿತು.

ಮೂರನೇ ಭಾಗಕ್ಕೆ ಈಗ ಹೇಳಿರುವ ದಿನ ನೋಡಿದಿರಾ? 2026ರ ಡಿಸೆಂಬರ್ 18. ನನ್ನ ಹಳೇ ಕ್ಯಾಲೆಂಡರಿನ ಅದೇ ತಾರೀಕು.

ರೋಟೊ ರಾಣಿ:
ಅದೇ ದಿನಕ್ಕೆ ಅವೆಂಜರ್ಸ್ ಕೂಡ ಇದೆ. ಇಬ್ಬರಲ್ಲಿ ಒಬ್ಬರು ಜರುಗುತ್ತಾರೆ ನೋಡುತ್ತಿರಿ.

ಸುಮ್ನಿರಪ್ಪ:
ರಜೆ ಈಗಲೇ ಹಾಕಬೇಡಿ ಮಂಜಣ್ಣ.

ಮರಳುಹುಳ:
ಹೇಮಾವತಿಯವರೇ, ಆ "ನಾಳೆಯಿಂದ" ಚೀಟಿ ಏನು ಮಾಡಿದಿರಿ?

ಹೇಮಾವತಿ ಬಾಲ್ಕನಿ:
ಬಿಸಿಲಿಗೆ ಒಣಗಿ ಗಾಜಿಗೇ ಹಿಡಿದುಬಿಟ್ಟಿತ್ತು. ಚಿಕ್ಕಪ್ಪ ಬ್ಲೇಡ್ ತಗೊಂಡು ಕೆರೆದರು. "ನಾಳೆ" ಹೋಯಿತು. "ಯಿಂದ" ಇನ್ನೂ ಅಲ್ಲೇ ಇದೆ, ಅದರ ಹಿಂದೆಯೇ ಪೋಸ್ಟರ್ ಹಾಕುತ್ತೇವೆ.